ಬಡಾವಣೆಯ ಪಾರ್ಕು: ವಿಶೇಷ ಮಕ್ಕಳಿಗೆ ಬೇರೆ ಮೂಲೆ ಬೇಕಾ, ಇಡೀ ಪಾರ್ಕೇ ಎಲ್ಲರದ್ದಾಗಬೇಕಾ?

ಬಡಾವಣೆ ಸಂಘ
ನಮ್ಮ ಮಕ್ಕಳ ಪಾರ್ಕನ್ನು ಹೊಸದಾಗಿ ಮಾಡಲು ನಗರಸಭೆ ಒಪ್ಪಿದೆ. ಜಾಗ ಸುಮಾರು ಅರ್ಧ ಎಕರೆ. ಈಗ ಅಲ್ಲಿರುವುದು ಒಂದು ಜಾರುಬಂಡೆ, ಎರಡು ಉಯ್ಯಾಲೆ, ಮುರಿದ ಸೀಸಾ, ಅಷ್ಟೇ. ಅಂಗವಿಕಲ ಮಕ್ಕಳೂ ಆಡುವ ಹಾಗಿರಲಿ ಅಂತ ಸಭೆಯಲ್ಲಿ ಎಲ್ಲರೂ ಹೇಳಿದರು. ಹೇಗೆ ಅನ್ನುವಲ್ಲಿ ಮಾತು ನಿಂತಿದೆ. ಒಂದು ಮೂಲೆಗೆ ಬೇಲಿ ಹಾಕಿ, ವೀಲ್‌ಚೇರ್ ಸಮೇತ ಹತ್ತುವ ಉಯ್ಯಾಲೆ ತಂದು, ಅದನ್ನು ಅವರಿಗೇ ಬಿಡೋಣ ಅಂತ ಕೆಲವರು. ಬೇರೆ ಮೂಲೆ ಬೇಡವೇ ಬೇಡ ಅಂತ ಇನ್ನು ಕೆಲವರು. ಅಂದಾಜುಪಟ್ಟಿ ಹೋಗುವ ಮುಂಚೆ ನಿಮ್ಮ ಅಭಿಪ್ರಾಯ ಬರೆಯಿರಿ.

ಬೆಳಗಿನ ವಾಕಿಂಗ್
ನನ್ನ ಮತ ಬೇರೆ ಮೂಲೆಗೆ. ಕಾಳಜಿಯಿಂದಲೇ ಹೇಳುತ್ತಿದ್ದೇನೆ. ಸಂಜೆ ಹುಡುಗರು ಓಡುವ ರಭಸ ನೋಡಿದ್ದೀರಲ್ಲ. ನಿಧಾನವಾಗಿ ನಡೆಯುವ ಮಗುವಿಗೆ ಯಾರಾದರೂ ಡಿಕ್ಕಿ ಹೊಡೆದರೆ ಏನು ಮಾಡುವುದು? ಬೇಲಿ ಇದ್ದರೆ ಅಪ್ಪ ಅಮ್ಮಂದಿರಿಗೂ ನೆಮ್ಮದಿ, ಅಲ್ವಾ?

ಮಿನ್ನುವಿನ ಅಮ್ಮ
ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ನನ್ನ ಮಗಳಿಗೆ ಎಂಟು ವರ್ಷ, ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಸರಿಯಾಗಿ ಹಿಡಿತಕ್ಕೆ ಬರುವುದಿಲ್ಲ. ಮನೆಯಲ್ಲಿ ಅವಳ ವ್ಯಾಯಾಮಕ್ಕೆ ಬೇಕಾದ ಸಾಮಾನೆಲ್ಲ ಇದೆ. ಜೊತೆಗೆ ಆಡುವ ಮಕ್ಕಳು ಮಾತ್ರ ಇಲ್ಲ. ಅದಕ್ಕೇ ಪಾರ್ಕು ಬೇಕು. ಬೇಲಿಯೊಳಗೆ ಅವಳೊಬ್ಬಳನ್ನೇ ಕೂರಿಸಿ ನಾನು ತೂಗುವುದಾದರೆ ಆ ಕೆಲಸ ನಮ್ಮ ವರಾಂಡದಲ್ಲೇ ಆಗುತ್ತದೆ.

ಆಟದ ಸಾಮಾನಿಗಿಂತ ಮೊದಲು ಗೇಟು ನೋಡಿ. ಬೈಕು, ದನ ಬರಬಾರದು ಅಂತ ಕಬ್ಬಿಣದ ಪೈಪನ್ನು ಅಂಕುಡೊಂಕಾಗಿ ನೆಟ್ಟಿದ್ದಾರೆ. ಒಬ್ಬರೇ ಓರೆಯಾಗಿ ನುಸುಳಬೇಕು. ವೀಲ್‌ಚೇರ್ ಹೋಗುವುದಿಲ್ಲ. ದೊಡ್ಡ ಗೇಟಿಗೆ ಯಾವಾಗಲೂ ಬೀಗ. ನಾನು ಮಗಳನ್ನು ಎತ್ತಿಕೊಂಡು ನುಸುಳುತ್ತೇನೆ, ಕುರ್ಚಿಯನ್ನು ಯಾರಾದರೂ ಪೈಪಿನ ಮೇಲಿಂದ ದಾಟಿಸಬೇಕು. ಅವಳು ಬೆಳೆಯುತ್ತಿದ್ದಾಳೆ. ಇನ್ನೆಷ್ಟು ದಿನ ಎತ್ತಲಿ?

ನಿವೃತ್ತ ಇಂಜಿನಿಯರ್
ಮೇಡಂ ಹೇಳಿದ್ದು ಸರಿ, ಗೇಟಿನಿಂದಲೇ ಶುರು ಮಾಡಬೇಕು. ಕನಿಷ್ಠ 900 ಮಿಲಿಮೀಟರ್, ಅಂದರೆ ಮೂರಡಿ ತೆರವು ಬೇಕು. ಅಷ್ಟು ಬಿಟ್ಟರೆ ಬೈಕೂ ನುಗ್ಗುತ್ತದೆ, ನಿಜ. ವೀಲ್‌ಚೇರನ್ನು ಬಿಟ್ಟು ಬೈಕನ್ನು ಮಾತ್ರ ತಡೆಯುವ ಪೈಪು ನನಗಂತೂ ಗೊತ್ತಿಲ್ಲ. ಅದಕ್ಕೆ ಕಾವಲಿನವರು ಬೇಕು.

ಇನ್ನು ವೀಲ್‌ಚೇರ್ ಉಯ್ಯಾಲೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಕಬ್ಬಿಣದ ತಟ್ಟೆ, ಕುರ್ಚಿ, ಮಗು, ಎಲ್ಲ ಸೇರಿದ ಭಾರ ತೂಗಾಡುವಾಗ ಎದುರಿಗೆ ಚಿಕ್ಕ ಮಗು ಬಂದರೆ ದೊಡ್ಡ ಪೆಟ್ಟು. ಹಾಗಾಗಿ ಸುತ್ತ ಬೇಲಿ, ಬೇಲಿಗೆ ಬೀಗ. ಕೀಲಿ ಇರುವವರು ಸಂಜೆ ಸಿಗದಿದ್ದರೆ ಉಯ್ಯಾಲೆ ಇದ್ದೂ ಇಲ್ಲದ ಹಾಗೆ. ಅರ್ಧ ಎಕರೆಯಲ್ಲಿ ಅದಕ್ಕೆ ಜಾಗ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ರ‍್ಯಾಂಪಿನ ಲೆಕ್ಕವನ್ನೂ ಹೇಳುತ್ತೇನೆ. ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಒಂದಡಿ ಏರಲು 12 ಅಡಿ ಉದ್ದ. ಐದಡಿ ಎತ್ತರದ ಜಾರುಬಂಡೆಗೆ 60 ಅಡಿ, ನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟು ಜಾಗ ಬೇರೆ. ಇದನ್ನು ಕಬ್ಬಿಣದಲ್ಲಿ ಕಟ್ಟಿದರೆ ದುಡ್ಡೆಲ್ಲ ಅಲ್ಲೇ ಮುಗಿಯುತ್ತದೆ. ಅದರ ಬದಲು ನಾಲ್ಕಡಿ ಎತ್ತರದ ಮಣ್ಣಿನ ದಿಬ್ಬ ಮಾಡೋಣ. ಸುತ್ತಲೂ ಬಳಸಿ ಏರುವ ಗಟ್ಟಿ ದಾರಿ, ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ದಿಬ್ಬಕ್ಕೇ ಒರಗಿದ ಅಗಲವಾದ ಜಾರುಬಂಡೆ. ಎಲ್ಲ ಮಕ್ಕಳೂ ಅದೇ ದಿಬ್ಬ ಹತ್ತುತ್ತಾರೆ.

ಮಿನ್ನುವಿನ ಅಮ್ಮ
ದಿಬ್ಬ ತುಂಬಾ ಇಷ್ಟವಾಯಿತು ಸರ್. ಒಂದು ಸೇರಿಸಿ: ಮಗು ಜಾರಿ ಕೆಳಗೆ ಬರುತ್ತದೆ, ಕುರ್ಚಿ ಮೇಲೆಯೇ ಉಳಿಯುತ್ತದೆ. ನಾವು ಅದನ್ನು ಇಳಿಸಿ ತರುವವರೆಗೆ ಅವಳು ಕೂರಲು ಜಾರುಬಂಡೆಯ ಬುಡದ ಪಕ್ಕದಲ್ಲಿ ಒಂದು ಕಟ್ಟೆ ಬೇಕು. ಇಲ್ಲದಿದ್ದರೆ ಹಿಂದೆ ಬರುವ ಮಕ್ಕಳು ಅವಳ ಮೇಲೇ ಬೀಳುತ್ತಾರೆ.

ಫಿಸಿಯೋ ಅಕ್ಕ
ವೀಲ್‌ಚೇರ್ ಉಯ್ಯಾಲೆಯ ಬದಲು ಬುಟ್ಟಿ ಉಯ್ಯಾಲೆ ಹಾಕಿ. ದೊಡ್ಡ ದುಂಡು ಚೌಕಟ್ಟಿಗೆ ಹಗ್ಗದ ಬಲೆ ಹೆಣೆದಿರುತ್ತದೆ. ಎರಡು ಮೂರು ಮಕ್ಕಳು ಒಟ್ಟಿಗೆ ಮಲಗಬಹುದು, ಕೂರಬಹುದು. ಕತ್ತು, ಬೆನ್ನು ನಿಲ್ಲದ ಮಗು ಅಕ್ಕನ ಪಕ್ಕ ಮಲಗಿ ತೂಗಿಕೊಳ್ಳುತ್ತದೆ. ಇದಕ್ಕೆ ಬೀಗ ಬೇಕಿಲ್ಲ. ಮಾಮೂಲಿ ಉಯ್ಯಾಲೆಗಳಲ್ಲಿ ಒಂದಕ್ಕೆ ಎತ್ತರದ ಬೆನ್ನು, ಸೊಂಟದ ಪಟ್ಟಿ ಇರಲಿ. ತಿರುಗುವ ಚಕ್ರವನ್ನು ನೆಲದ ಮಟ್ಟಕ್ಕೇ ಕೂರಿಸಿದರೆ ಕುರ್ಚಿಯನ್ನು ನೇರ ಉರುಳಿಸಿಕೊಂಡು ಹೋಗಬಹುದು.

ದಾರಿಗೆ ಮರಳು ಬೇಡ, ಚಕ್ರ ಹೂತು ಹೋಗುತ್ತದೆ.

ಬೆಳಗಿನ ವಾಕಿಂಗ್
ಮರಳು ಬೇಡ ಅಂದರೆ ರಬ್ಬರ್ ನೆಲ. ಅದರ ಖರ್ಚು ಯಾರು ಕೊಡುತ್ತಾರೆ? ಬಿಸಿಲಿಗೆ ಕಾಲಿಡಲೂ ಆಗುವುದಿಲ್ಲ.

ನಿವೃತ್ತ ಇಂಜಿನಿಯರ್
ಇಡೀ ಪಾರ್ಕಿಗೆ ರಬ್ಬರ್ ಬೇಕಿಲ್ಲ. ದಾರಿಗೆ ಚೆನ್ನಾಗಿ ದಮ್ಮಸ್ಸು ಮಾಡಿದ ಗಟ್ಟಿ ನೆಲ ಸಾಕು, ನಾಲ್ಕಡಿ ಅಗಲ. ಎರಡು ಕುರ್ಚಿ ಎದುರಾಗುವ ಕಡೆ ಆರಡಿ. ಬುಟ್ಟಿ ಉಯ್ಯಾಲೆಯ ಕೆಳಗೆ, ಜಾರುಬಂಡೆಯ ಬುಡದಲ್ಲಿ ಮಾತ್ರ ರಬ್ಬರ್. ಎರಡನ್ನೂ ಹೊಂಗೆ ಮರಗಳ ನೆರಳಿಗೆ ತಂದರೆ ಬಿಸಿಲಿನ ಕಾಟ ತಗ್ಗುತ್ತದೆ. ಮಾಮೂಲಿ ಉಯ್ಯಾಲೆಗಳ ಕೆಳಗೆ ಮರಳೇ ಇರಲಿ, ಬಿದ್ದರೆ ಮೆತ್ತಗಿರುತ್ತದೆ.

ಹುಡುಗನ ಅಪ್ಪ
ಎಲ್ಲರೂ ಬೇಲಿ ಬೇಡ ಅನ್ನುತ್ತಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. ನನ್ನ ಮಗನಿಗೆ ಆಟಿಸಂ ಇದೆ. ಕೈ ಬಿಟ್ಟರೆ ಓಟ. ಪಾರ್ಕಿನ ಪಕ್ಕದಲ್ಲೇ ಬಸ್ ಓಡಾಡುವ ರಸ್ತೆ. ಪಾರ್ಕಿನ ಒಳಗೆ ಬೇಲಿ ಬೇಡ, ಒಪ್ಪುತ್ತೇನೆ. ಆದರೆ ಪಾರ್ಕಿನ ಸುತ್ತ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು ಬೇಕೇ ಬೇಕು. ನಮ್ಮಂಥವರು ಪಾರ್ಕಿಗೆ ಬರದಿರಲು ಮುಖ್ಯ ಕಾರಣವೇ ಇದು. ಗಲಾಟೆ ಜಾಸ್ತಿಯಾದಾಗ ಅವನು ಕಿವಿ ಮುಚ್ಚಿಕೊಂಡು ಕೂರುತ್ತಾನೆ. ಮರದ ಕೆಳಗೆ, ಮೂರು ಕಡೆ ಗಿಡ ಇರುವ ಒಂದು ಸಣ್ಣ ಜಾಗ ಮಾಡಿ. ಸುಸ್ತಾದ ಯಾವ ಮಗು ಬೇಕಾದರೂ ಅಲ್ಲಿ ಕೂರಲಿ.

ಮಿನ್ನುವಿನ ಅಮ್ಮ
ಸುತ್ತಲಿನ ಬೇಲಿಗೆ ನನ್ನ ಒಪ್ಪಿಗೆ ಇದೆ ಅಣ್ಣ. ಗೇಟು ಮಾತ್ರ ಹಗುರವಾಗಿರಲಿ.

ಟೀಚರ್
ನಮ್ಮ ಶಾಲೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳಿಸಲು ಆಪರೇಷನ್ ಮಾಡಿ ಕೂರಿಸುವ ಯಂತ್ರ, ಹಾಕಿಸಿಕೊಂಡ ಮಗು ಇದೆ. ಪ್ಲಾಸ್ಟಿಕ್ ಜಾರುಬಂಡೆಯಲ್ಲಿ ಜಾರುವಾಗ ಮೈಗೆ ಸ್ಥಾಯೀ ವಿದ್ಯುತ್ ಹತ್ತಿಕೊಳ್ಳುತ್ತದೆ. ಅದರಿಂದ ಯಂತ್ರದಲ್ಲಿ ಆ ಮಗುವಿಗೆ ಅಂತ ಹೊಂದಿಸಿದ್ದೆಲ್ಲ ಕೆಟ್ಟು ಹೋಗಬಹುದು. ಹೊಸ ಯಂತ್ರಗಳು ಸ್ವಲ್ಪ ತಡೆಯುತ್ತವೆ. ಆದರೂ ಕಿವಿಯ ಹೊರಗಿನ ಭಾಗ ತೆಗೆದಿಟ್ಟು ಜಾರಿ ಅನ್ನುತ್ತಾರೆ. ತೆಗೆದಿಟ್ಟರೆ ಗೆಳೆಯರು ಕೂಗಿದ್ದು ಕೇಳುವುದಿಲ್ಲ. ದಿಬ್ಬದ ಮೇಲೆ ಸ್ಟೀಲ್ ಜಾರುಬಂಡೆಯೇ ಇರಲಿ, ನೆರಳಿನಲ್ಲಿ.

ಇನ್ನೊಂದು ಆಸೆ. ಹಂಪಿಯ ಕಲ್ಲುಹಾಸಿನ ಮೇಲೆ ಹಳೆಯ ಆಟದ ಮನೆಗಳನ್ನು ಕೆತ್ತಿರುವುದು ನೋಡಿದ್ದೇವಲ್ಲ. ಹಾಗೆಯೇ ಒಂದು ಎತ್ತರದ ಕಲ್ಲುಬೆಂಚಿನ ಮೇಲೆ ಚೌಕಾಬಾರ, ಅಳಿಗುಳಿಮಣೆ ಕೆತ್ತಿಸೋಣ. ಕೆಳಗೆ ಮೊಣಕಾಲು ಹೋಗುವಷ್ಟು ಜಾಗ ಬಿಟ್ಟರೆ ಕುರ್ಚಿಯಲ್ಲೇ ಕೂತು ಆಡಬಹುದು. ಅಳಿಗುಳಿಮಣೆಯನ್ನು ಕಣ್ಣು ಕಾಣದ ಮಕ್ಕಳೂ ಬೆರಳಿನಲ್ಲೇ ಆಡುತ್ತಾರೆ.

ಬೆಂಗಳೂರಿಂದ
ನೋಡಿ ಬರಲು ಜಾಗ ಬೇಕಿದ್ದರೆ ಫ್ರೇಜರ್ ಟೌನಿನ ಕೋಲ್ಸ್ ಪಾರ್ಕ್ ಇದೆ. ಅಂಗವಿಕಲ ಮಕ್ಕಳ ಪೋಷಕರೇ ಮುಂದೆ ನಿಂತ ಕಿಲಿಕಿಲಿ ಸಂಸ್ಥೆ ಆಗಿನ ಪಾಲಿಕೆಯ ಜೊತೆ ಸೇರಿ ಮಾಡಿದ್ದು. ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕಿನಲ್ಲೂ ಅವರ ಕೆಲಸವಿದೆ. ಇಂಜಿನಿಯರನ್ನು ಒಂದು ಸಲ ಕರೆದುಕೊಂಡು ಬನ್ನಿ.

ಬಡಾವಣೆ ಸಂಘ
ಹಣದ ಬಗ್ಗೆ ಒಂದು ಪ್ರಶ್ನೆ. ನಗರಸಭೆಯಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಅಂತ ಶೇಕಡಾ 5ರ ಹಣ ಇರುತ್ತದಲ್ಲ, ಅದರಿಂದಲೇ ಕೇಳೋಣವಾ?

ಮೂರು ಗಾಲಿ
ಬೇಡ. ನಾನೇ ಮೂರು ಗಾಲಿಯ ಸ್ಕೂಟರ್ ಓಡಿಸುವವನು. ಆ ಶೇಕಡಾ 5ರಲ್ಲೇ ಎಷ್ಟೋ ಜನರಿಗೆ ತ್ರಿಚಕ್ರ ವಾಹನ, ಶ್ರವಣ ಯಂತ್ರ, ಚಿಕಿತ್ಸೆಯ ನೆರವು ಸಿಗಬೇಕು. ಅದನ್ನು ಗೇಟಿಗೂ ದಾರಿಗೂ ಸುರಿದರೆ ಅವರ ಪಾಲು ಕಿತ್ತ ಹಾಗೆ. ಪಾರ್ಕು ಊರಿನ ಎಲ್ಲರದ್ದು. ಎಲ್ಲರ ದುಡ್ಡಿನಲ್ಲೇ ಅದು ಎಲ್ಲರಿಗೂ ತೆರೆದುಕೊಳ್ಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಏನು ಅಂತ ಹೇಳುವಾಗ ಮನರಂಜನೆಗೆ ಬಳಸುವವನ್ನೂ ಸೇರಿಸಿದ್ದಾರೆ. ಅಂದಾಜುಪಟ್ಟಿಯಲ್ಲಿ ಇವನ್ನೆಲ್ಲ ಪಾರ್ಕಿನ ಮಾಮೂಲಿ ಕೆಲಸವಾಗಿಯೇ ಬರೆಸಿ. 'ವಿಶೇಷ' ಅಂತ ಬೇರೆ ಸಾಲು ಮಾಡಿದರೆ ಹಣ ಕಡಿಮೆ ಬಿದ್ದಾಗ ಮೊದಲು ಹೊಡೆದುಹಾಕುವುದು ಆ ಸಾಲನ್ನೇ.

ಬೆಳಗಿನ ವಾಕಿಂಗ್
ಹಣದ ಮಾತು ಒಪ್ಪಿದೆ. ದಿಬ್ಬವೂ ಸರಿ. ಆದರೆ ಡಿಕ್ಕಿಯ ಭಯ ನನಗೆ ಹೋಗಿಲ್ಲ. ಚೆಂಡಾಟ ಆಡುವ ದೊಡ್ಡ ಹುಡುಗರಿಗೆ ಪಾರ್ಕಿನ ಆ ಕಡೆ ಬೇರೆ ಜಾಗ ಬಿಡಿ, ನಡುವೆ ಸಾಲಾಗಿ ಗಿಡ ಹಾಕಿ. ಮತ್ತೆ, ಬುಟ್ಟಿಯ ಹಗ್ಗ ಒಂದು ಮಳೆಗಾಲಕ್ಕೆ ಹರಿದರೆ?

ಮೂರು ಗಾಲಿ
ಕೆಲಸ ಮುಗಿದ ಮೇಲೂ ಇಂತಿಷ್ಟು ಕಾಲ ಗುತ್ತಿಗೆದಾರರೇ ರಿಪೇರಿ ಮಾಡಿಕೊಡಬೇಕು ಅಂತ ಟೆಂಡರಿನಲ್ಲೇ ಬರೆಸಬೇಕು, ಆ ಅವಧಿ ಮುಗಿಯುವವರೆಗೆ ಅವರಿಗೆ ಕೊಡುವ ಹಣದಲ್ಲಿ ಸ್ವಲ್ಪ ಹಿಡಿದಿಡಬೇಕು. ಬುಟ್ಟಿ, ಸರಪಳಿ, ಗೇಟಿನ ತಿರುಗಣಿ, ಮೂರನ್ನೂ ಹೆಸರು ಹಿಡಿದು ಬರೆಸಿ.

ಫಿಸಿಯೋ ಅಕ್ಕ
ಟಾಯ್ಲೆಟ್ ಬಗ್ಗೆ ಯಾರೂ ಬರೆದಿಲ್ಲ. ಹತ್ತು ವರ್ಷದ ಮಗುವಿಗೆ ಡೈಪರ್ ಬದಲಿಸಲು ಉದ್ದದ ಬೆಂಚು ಬೇಕು. ಅದಿಲ್ಲದೆ ಅರ್ಧ ಗಂಟೆಗೇ ಮನೆಗೆ ಓಡುವ ತಾಯಂದಿರು ನನಗೆ ಗೊತ್ತು.

ಬಡಾವಣೆ ಸಂಘ
ಸೇರಿಸಿದ್ದೇವೆ ಅಕ್ಕ. ಜಾಗದ ಅಳತೆಗೆ ನಗರಸಭೆಯ ಜೂನಿಯರ್ ಇಂಜಿನಿಯರ್ ಬರುವ ದಿನ ಮಿನ್ನು, ಅವಳ ಕುರ್ಚಿ ಇಬ್ಬರೂ ಇರಲಿ. ಹುಡುಗನ ಅಪ್ಪ, ನೀವೂ ಮಗನನ್ನು ಕರೆದುಕೊಂಡು ಬನ್ನಿ. ಟೇಪು ಹಿಡಿಯಲು ಇಂಜಿನಿಯರ್ ಸರ್ ಒಪ್ಪಿದ್ದಾರೆ.