ಕಟ್ಟಿಕೊಂಡ ಸ್ಪ್ರೇ ಡಬ್ಬಿಗೆ ಮೊಳೆ ಹೊಡೀಬ್ಯಾಡ್ರಿ

ಹರಿಹರದ ತಮ್ಮ ಬೆಳಿಗ್ಗೆ ಗ್ರೂಪಿಗೆ ಒಂದು ಫೋಟೊ ಹಾಕ್ಯಾನೆ, ನೋಡಿರ್ತೀರಿ. ಆಯುಧ ಪೂಜೆಗೆ ತಂದ ಸ್ಪ್ರೇ ಪೇಂಟ್ ಡಬ್ಬಿ ಆರು ಉಳಿದಾವೆ, ಅಲ್ಲಾಡಿಸಿದರೆ ಒಳಗೆ ಬಣ್ಣ ಕುಲುಕ್ತೈತಿ, ಒತ್ತಿದರೆ ಏನೂ ಬರಲ್ಲ, ಮೊಳೆ ಹೊಡೆದು ಬಣ್ಣ ಬಗ್ಗಿಸಿಕೊಳ್ಳಲಾ ಅಂತ ಕೇಳ್ಯಾನೆ. ಇಬ್ಬರು ಆಗಲೇ ಹೂಂ ಅಂದಾರೆ. ಬ್ಯಾಡ ತಮ್ಮಾ, ಮೊಳೆ ಬ್ಯಾಡ, ಡ್ರಿಲ್ಲೂ ಬ್ಯಾಡ. ಬಣ್ಣ ಉಳಿಸಿಕೊಳ್ಳೋಕೆ ದಾರಿ ಐತಿ, ಆದರೆ ಆ ದಾರಿ ಡಬ್ಬಿ ಬಾಯಲ್ಲಿರೋ ವಾಲ್ವಿನ ಮೂಲಕಾನೇ ಹೋಗಬೇಕು. ಮೆಸೇಜು ಉದ್ದ ಆಗ್ತೈತಿ, ಕೆಲಸ ಶುರು ಮಾಡೋ ಮೊದಲು ಪೂರ್ತಿ ಕೇಳು.

ಆ ಡಬ್ಬಿಯೊಳಗೆ ಬಣ್ಣ, ಥಿನ್ನರ್ ಜೊತೆಗೆ ದ್ರವವಾಗಿರೋ ಗ್ಯಾಸೂ ಬೆರೆತಿರ್ತೈತಿ. ಹೆಚ್ಚಿನವದರಲ್ಲಿ ಪ್ರೊಪೇನ್, ಬ್ಯೂಟೇನ್, ಅಂದರೆ ಅಡುಗೆ ಸಿಲಿಂಡರಿನಲ್ಲಿ ಇರೋದೇ. ಕೆಲವದರಲ್ಲಿ ಡೈಮೀಥೈಲ್ ಈಥರ್. ಒಳಗಿನ ಒತ್ತಡ 3ರಿಂದ 5 ಬಾರ್ ಆಸುಪಾಸು, ಬೈಕಿನ ಟೈರಿನಲ್ಲಿ ಇರೋದು 2 ಬಾರ್ ಚಿಲ್ಲರೆ ಅಷ್ಟೆ. ಗ್ಯಾಸು ಬಣ್ಣದಲ್ಲೇ ಕರಗಿರೋದರಿಂದ ತೂತು ಬಿದ್ದ ಕೂಡಲೇ ಬಣ್ಣ ಮೆಲ್ಲಗೆ ಸೋರಲ್ಲ, ನೊರೆ ಎದ್ದು ನೇರ ಮುಖಕ್ಕೆ ಕಣ್ಣಿಗೆ ಚಿಮ್ಮತೈತಿ. ಮೊಳೆ ತಗಡಿಗೆ ಬಡಿದಾಗ ಕಿಡಿ ಹಾರಬಹುದು. ಈ ಗ್ಯಾಸ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಮೇಲೆ ಹೋಗಲ್ಲ, ನೆಲ ಹಿಡಿದು ಹರಿದು ಅಡುಗೆ ಒಲೆ, ದೇವರ ಮನೆ ದೀಪದ ತನಕ ಹೋಗ್ತೈತಿ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಸೇರಿದರೂ ಹತ್ತಿಕೊಳ್ಳೋ ವಸ್ತು ಅದು.

"ಒತ್ತಿದರೆ ಸುಯ್ ಅನ್ನಲ್ಲ, ಗ್ಯಾಸ್ ಖಾಲಿ ಆಗೈತಿ" ಅಂತ ಒಬ್ಬರು ಬರೆದಾರೆ. ತಪ್ಪೋದು ಇಲ್ಲೇ. ಸದ್ದು ಬರದೇ ಇರೋದಕ್ಕೆ ಎರಡು ಕಾರಣ ಇರ್ತಾವೆ: ಗ್ಯಾಸ್ ಮುಗಿದಿರಬಹುದು, ಇಲ್ಲಾ ವಾಲ್ವ್ ಕಟ್ಟಿರಬಹುದು. ವಾಲ್ವ್ ಕಟ್ಟಿದ ಡಬ್ಬಿಯಲ್ಲಿ ಒತ್ತಡ ಪೂರ್ತಿ ಹಂಗೇ ಕೂತಿರ್ತೈತಿ. ಹೊರಗಿಂದ ನೋಡಿದರೆ ಎರಡೂ ಒಂದೇ ಥರ. ಸುಯ್ ಅಂತ ಜೋರಾಗಿ ಬಂದು, ಕಮ್ಮಿ ಆಗ್ತಾ ಆಗ್ತಾ ನಿಂತಿದ್ದನ್ನ ನಿಮ್ಮ ಕಿವಿಯಾರೆ ಕೇಳಿ, ಹತ್ತು ನಿಮಿಷ ಬಿಟ್ಟು ಒತ್ತಿದರೂ ಬರಲಿಲ್ಲ ಅಂದರೆ ಮಾತ್ರ ಅದು ಒತ್ತಡ ಮುಗಿದ ಡಬ್ಬಿ. ಮೊದಲಿಂದಲೂ ಸುಮ್ಮನಿದ್ದ ಡಬ್ಬಿಯನ್ನ ತುಂಬಿದ ಡಬ್ಬಿ ಅಂತಲೇ ತಿಳಕೊಳ್ರಿ.

ಈಗ ಪರೀಕ್ಷೆ. ಅಂಗಳಕ್ಕೋ ಹಿತ್ತಲಿಗೋ ಬಾ, ಹತ್ತಿರ ಬೀಡಿ, ಊದಿನಕಡ್ಡಿ, ಒಲೆ ಏನೂ ಇರಬಾರದು. ಕನ್ನಡಕ ಹಾಕ್ಕೊ. ಡಬ್ಬಿಯನ್ನ ನೆಟ್ಟಗೆ ಹಿಡಿದು ಒತ್ತು, ಆಮೇಲೆ ತಲೆಕೆಳಗು ಮಾಡಿ ಒತ್ತು. ಒಳಗೆ ತಳದ ತನಕ ಇಳಿದ ಒಂದು ಪ್ಲಾಸ್ಟಿಕ್ ನಳಿಕೆ ಐತಿ. ಡಬ್ಬಿ ತಲೆಕೆಳಗಾದರೆ ಬಣ್ಣ ವಾಲ್ವಿನ ಕಡೆಗೆ ಬರ್ತೈತಿ, ನಳಿಕೆ ಬಾಯಿ ಗ್ಯಾಸಿನೊಳಗೆ ನಿಲ್ತೈತಿ, ಹಂಗಾಗಿ ಬರೀ ಗ್ಯಾಸ್ ಬರಬೇಕು. ನೆಟ್ಟಗಿದ್ದಾಗ ಏನೂ ಇಲ್ಲ, ತಲೆಕೆಳಗಾದಾಗ ಗ್ಯಾಸ್ ಬಂತು ಅಂದರೆ ಮೂತಿ (ನಾಜಲ್), ವಾಲ್ವ್ ಎರಡೂ ಚೆನ್ನಾಗಿದಾವೆ, ತಳದಲ್ಲಿ ಬಣ್ಣ ಗಟ್ಟಿಯಾಗಿ ಕೂತು ನಳಿಕೆ ಬಾಯಿ ಅದರೊಳಗೆ ಹೂತಿದೆ ಅಂತ ಅರ್ಥ. ಎರಡು ಕಡೆಯೂ ಏನೂ ಇಲ್ಲ ಅಂದರೆ ಮೊದಲು ಮೂತಿ ನೋಡಬೇಕು. ಹೆಚ್ಚಿನ ಡಬ್ಬಿಗಳ ರೋಗ ಮೂತಿಯಲ್ಲೇ ಇರೋದು.

ಮೂತಿ ಅಂದರೆ ನೀವು ಬೆರಳಿಟ್ಟು ಒತ್ತೋ ನಾಜಲ್. ತುಸು ತಿರುಗಿಸ್ತಾ ಮೇಲಕ್ಕೆ ಎಳೆದರೆ ಕಳಚಿ ಬರ್ತೈತಿ; ಡಬ್ಬಿ ಬಾಯಿ ಮುಖದ ಕಡೆಗೆ ಇರಬಾರದು, ಮೇಲೊಂದು ಹಳೇ ಬಟ್ಟೆ ಇರಲಿ. ಕೆಲವು ಡಬ್ಬಿಯಲ್ಲಿ ವಾಲ್ವಿನ ಸಣ್ಣ ಟೊಳ್ಳು ಕಡ್ಡಿ ಡಬ್ಬಿಯಿಂದಲೇ ಮೇಲೆ ಎದ್ದಿರ್ತೈತಿ, ಕೆಲವದರಲ್ಲಿ ಡಬ್ಬಿಯಲ್ಲಿ ಬರೀ ತೂತು, ಕಡ್ಡಿ ನಾಜಲ್ ಜೊತೆ ಬರ್ತೈತಿ. ಎರಡನೇ ಜಾತಿಯಾದರೆ ಆ ಕಡ್ಡಿ ತುದಿಯಲ್ಲಿ ಒಂದು ಸಣ್ಣ ಸೀಳು ಇರ್ತೈತಿ, ಬಣ್ಣ ಒಳಗೆ ಹೋಗೋದು ಅಲ್ಲಿಂದ. ಎಲ್ಲರೂ ಮುಂದಿನ ತೂತು ತಿಕ್ಕಿ ತಿಕ್ಕಿ ತೊಳೀತಾರೆ, ಈ ಸೀಳು ಕಟ್ಟಿರೋದನ್ನ ನೋಡೋದೇ ಇಲ್ಲ. ಬ್ಲೇಡಿನ ಅಂಚಿನಿಂದ ಅದನ್ನ ಮೆಲ್ಲಗೆ ಕೆರೆದು ತೆಗೀರಿ.

ನಾಜಲ್ ಅನ್ನ ಸ್ಟೀಲ್ ಇಲ್ಲಾ ಗಾಜಿನ ಬಟ್ಟಲಲ್ಲಿ ಎರಡು ಚಮಚ ಎನ್‌ಸಿ ಥಿನ್ನರ್ (ಬೇಗ ಒಣಗೋ ಲ್ಯಾಕರ್ ಬಣ್ಣ ಕರಗಿಸೋ ಥಿನ್ನರ್) ಹಾಕಿ ಅರ್ಧ ಗಂಟೆ ನೆನೆಸು. ಪಿ.ಬಿ. ರೋಡಿನ ಯಾವ ಬಣ್ಣದ ಅಂಗಡಿಯಲ್ಲಿ ಕೇಳಿದರೂ ಕೊಡ್ತಾರೆ. ಅಸಿಟೋನ್ ಇದ್ದರೆ ಅದೂ ಆಗ್ತೈತಿ. ಸೀಮೆಎಣ್ಣೆ, ಟರ್ಪೆಂಟೈನ್ ದಂಡ, ಒಣಗಿದ ಲ್ಯಾಕರ್ ಅವಕ್ಕೆ ಕರಗಲ್ಲ. ಥರ್ಮಾಕೋಲ್ ಕಪ್ಪಿಗೆ ಮಾತ್ರ ಹಾಕಬ್ಯಾಡ್ರಿ, ಕಪ್ಪೇ ಕರಗಿ ಹೋಗ್ತೈತಿ. ನೆನೆದ ಮೇಲೆ ಸಿರಿಂಜಿನಲ್ಲಿ ಥಿನ್ನರ್ ತಗೊಂಡು ಮುಂದಿನ ತೂತಿನಿಂದ ಹಿಂದಕ್ಕೆ, ಅಂದರೆ ಬಣ್ಣ ಬರೋ ದಿಕ್ಕಿಗೆ ಉಲ್ಟಾ ನೂಕು. ಬಾಯಲ್ಲಿ ಊದಬ್ಯಾಡ್ರಿ. ಸೂಜಿ, ಗುಂಡುಪಿನ್ನು ಚುಚ್ಚಿದರೆ ಅರ್ಧ ಮಿಲಿಮೀಟರಿಗಿಂತ ಸಣ್ಣ ಆ ತೂತು ಹಿಗ್ಗತೈತಿ, ಆಮೇಲೆ ಮಂಜಿನಂತೆ ಬರಬೇಕಾದ ಬಣ್ಣ ಹನಿ ಹನಿ ಉಗುಳ್ತೈತಿ. ಚುಚ್ಚಲೇಬೇಕು ಅಂದರೆ ಫ್ಲೆಕ್ಸಿಬಲ್ ವೈರಿನ ಒಂದು ತಾಮ್ರದ ಎಳೆ ಸಾಕು, ಅದು ಮೆತ್ತಗಿರ್ತೈತಿ. ಖಾಲಿಯಾದ ಹಳೇ ಡಬ್ಬಿಗಳ ನಾಜಲ್ ಬಿಸಾಡಬ್ಯಾಡ್ರಿ, ತೊಳೆದು ಇಟ್ಟುಕೊಂಡರೆ ಅದೇ ಜಾತಿಯ ಡಬ್ಬಿಗೆ ಕೂರ್ತಾವೆ. ಸರಿ ಇರೋ ಬೇರೆ ನಾಜಲ್ ಹಾಕಿ ನೋಡೋದು ಎಲ್ಲಕ್ಕಿಂತ ಬೇಗನೆ ಆಗೋ ಪರೀಕ್ಷೆ.

ಹೊಸ ನಾಜಲ್ಲಿಗೂ ಬರಲಿಲ್ಲ ಅಂದರೆ ವಾಲ್ವಿನ ಬಾಯಿ ಕಟ್ಟಿದೆ. ಡಬ್ಬಿ ನೆಟ್ಟಗೆ ನಿಲ್ಲಿಸಿ ಕಡ್ಡಿ ಸುತ್ತ, ಇಲ್ಲಾ ಕಡ್ಡಿ ಕೂರೋ ತೂತಿಗೆ ಎರಡು ಮೂರು ಹನಿ ಥಿನ್ನರ್ ಬಿಟ್ಟು ಕಾಲು ಗಂಟೆ ಕಾಯಿ, ಒರೆಸು, ನಾಜಲ್ ಕೂರಿಸಿ ಒತ್ತು. ಬರದಿದ್ದರೆ ಇನ್ನೊಂದು ಸಲ ಮಾಡು. ರಾತ್ರಿಯೆಲ್ಲಾ ಥಿನ್ನರಿನಲ್ಲಿ ಬೋರಲು ಹಾಕಿ ಇಡೋದು ಸರಿಯಲ್ಲ, ಒಳಗಿನ ರಬ್ಬರ್ ವಾಷರ್ ಉಬ್ಬಿ ವಾಲ್ವ್ ಸೋರೋಕೆ ಶುರುವಾಗ್ತೈತಿ. ಡಬ್ಬಿಯ ತೂತಿನೊಳಗೆ ತಂತಿ, ಸೂಜಿ ಏನನ್ನೂ ಇಳಿಸಬಾರದು, ವಾಲ್ವ್ ತೆರೆದು ಅಲ್ಲಿಂದಲೇ ಚಿಮ್ಮತೈತಿ. ಎರಡು ಮೂರು ಸಲ ಮಾಡಿದರೂ ಬಾಯಿ ಬಿಡದ ಡಬ್ಬಿ ಬಿಟ್ಟುಬಿಡು. ಒಳಗೆ ಎಷ್ಟೇ ಬಣ್ಣ ಇರಲಿ, ಅದು ಕೈಗೆ ಸಿಗೋ ಬಣ್ಣ ಅಲ್ಲ.

ತಳದಲ್ಲಿ ಕೂತ ಬಣ್ಣದ್ದು ತಾಳ್ಮೆಯ ಕೆಲಸ. ಅಲ್ಲಾಡಿಸಿದಾಗ ಬಣ್ಣ ಕಲಕೋಕೆ ಒಳಗೆ ಹಾಕಿರೋ ಗೋಲಿ ಟಕ್ ಟಕ್ ಅನ್ನದೇ ಇದ್ದರೆ ಅದು ಗಟ್ಟಿ ಬಣ್ಣದಲ್ಲಿ ಸಿಕ್ಕಿಕೊಂಡಿದೆ. ರಾತ್ರಿ ತಲೆಕೆಳಗು ನಿಲ್ಲಿಸಿಡು. ಬೆಳಿಗ್ಗೆ ಬಕೆಟ್ಟಿನಲ್ಲಿ ಮಗುವಿಗೆ ಸ್ನಾನಕ್ಕೆ ಹಾಕೋವಷ್ಟು ಬೆಚ್ಚಗಿನ ನೀರು, 35 ಡಿಗ್ರಿ ಸುಮಾರು, 40 ದಾಟಬಾರದು. ಹತ್ತು ನಿಮಿಷ ಅದರಲ್ಲಿಟ್ಟು, ತಳಕ್ಕೆ ಅಂಗೈಯಿಂದ ತಟ್ಟಿ, ಗೋಲಿ ಸದ್ದು ಬರೋ ತನಕ ಅಲ್ಲಾಡಿಸು, ಸದ್ದು ಬಂದ ಮೇಲೂ ಮೂರು ನಾಲ್ಕು ನಿಮಿಷ ಅಲ್ಲಾಡಿಸು. ಒಲೆ ಮೇಲೆ, ಕುದಿಯೋ ನೀರಿನಲ್ಲಿ, ಬಿಸಿಲಿನ ತಗಡಿನ ಮೇಲೆ ಇಡಂಗಿಲ್ಲ. ಡಬ್ಬಿ ಮೇಲೆ 50 ಡಿಗ್ರಿ ದಾಟಿಸಬೇಡಿ ಅಂತ ಬರೆದಿರೋದು ಸುಮ್ಮನೆ ಅಲ್ಲ. ಏಪ್ರಿಲ್ ತಿಂಗಳ ನಮ್ಮ ದಾವಣಗೆರೆ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಬಿಸಿ ಏರೋದು ಕಷ್ಟವೇನಲ್ಲ.

ಸತತ ಒತ್ತಿದರೆ ದ್ರವ ಗ್ಯಾಸ್ ಆವಿಯಾಗ್ತಾ ಡಬ್ಬಿ ತಣ್ಣಗಾಗಿ ಒತ್ತಡ ಇಳೀತೈತಿ, ಜನ ಮುಗೀತು ಅಂತ ಎಸೀತಾರೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಮತ್ತೆ ಬರ್ತೈತಿ. ಸ್ವಲ್ಪವೇ ಉಳಿದಿದ್ದರೆ ನಾಜಲ್ ಅನ್ನ ಅರ್ಧ ಸುತ್ತು ತಿರುಗಿಸಿ ಸಿಂಪಡಿಸು. ಒಳಗಿನ ನಳಿಕೆ ಒಂದು ಕಡೆಗೆ ಬಾಗಿರ್ತೈತಿ, ಆ ಬಾಗು ಬಣ್ಣ ಇರೋ ಕಡೆಗೆ ಬರಬೇಕು.

ಇಲ್ಲಿಯ ತನಕ ಬಂದು ಬಣ್ಣ ಹೊರಬರ್ತಾ ಇದ್ದು, ಸ್ಪ್ರೇ ಮಾತ್ರ ಸರಿ ಬೀಳ್ತಿಲ್ಲ, ಇಲ್ಲಾ ಬ್ರಷ್ಷಿನಲ್ಲಿ ಹಚ್ಚೋಕೆ ಬಣ್ಣ ಬೇಕು ಅಂದರೆ ಅದನ್ನ ಬಾಟಲಿಗೆ ಇಳಿಸಿಕೊಳ್ಳಬಹುದು. ಮೊಳೆಯಿಂದ ಮಾಡಬೇಕು ಅಂತಿದ್ದ ಕೆಲಸ ಇದೇ. ಗಾಜಿನ ಉಪ್ಪಿನಕಾಯಿ ಬಾಟಲಿ ತೊಳೆದು ಚೆನ್ನಾಗಿ ಒಣಗಿಸು. ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಕಟ್ಟಿ ಒಂದು ತೂತು ಮಾಡು. ಜ್ಯೂಸ್ ಕುಡಿಯೋ ಸ್ಟ್ರಾದ ನಾಲ್ಕು ಇಂಚು ತುಂಡನ್ನ ನಾಜಲಿನ ತೂತಿಗೆ ಬಿಗಿಯಾಗಿ ಹಿಡಿಯೋ ಹಂಗೆ ಟೇಪ್ ಸುತ್ತಿ, ಇನ್ನೊಂದು ತುದಿಯನ್ನ ಫಾಯಿಲ್ ತೂತಿನಿಂದ ಇಳಿಸಿ ಬಾಟಲಿ ಗೋಡೆಗೆ ತಾಗಿಸು. ಒತ್ತೋದು ಎರಡು ಮೂರು ಸೆಕೆಂಡು, ಆಮೇಲೆ ಬಿಡೋದು. ನೊರೆ ಏಳ್ತೈತಿ, ಬಾಟಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬ್ಯಾಡ. ಬಯಲಲ್ಲಿ ಮಾಡು, ಕೋಣೆಯೊಳಗೆ ಅಲ್ಲ. ನಮ್ಮ ಚಿತ್ರದುರ್ಗದವರು ಗಾಳಿ ಜೋರು ಅಂತ ಬಾಗಿಲು ಹಾಕಿಕೊಂಡು ಕೂರ್ತಾರೆ, ಹಂಗೆ ಮಾಡದೆ ಗೋಡೆ ಮರೆಗೆ ನಿಲ್ರಿ.

ಇಳಿಸಿದ ಕೂಡಲೇ ಮುಚ್ಚಳ ಬಿಗಿಯಬಾರದು. ಬಣ್ಣದಲ್ಲಿ ಕರಗಿರೋ ಗ್ಯಾಸ್ ಹೊರಗೆ ಹೋಗ್ತಾನೇ ಇರ್ತೈತಿ, ಬಿಗಿದರೆ ಬಾಟಲಿ ಸಿಡೀಬಹುದು. ಫಾಯಿಲ್ ಹಂಗೇ ಬಿಟ್ಟು ಒಂದು ಪೂರ್ತಿ ದಿನ ಬೆಂಕಿ ಇಲ್ಲದ, ಮಕ್ಕಳ ಕೈಗೆ ಸಿಗದ, ಗಾಳಿ ಆಡೋ ಜಾಗದಲ್ಲಿಡು. ಮರುದಿನ ಕಡ್ಡಿಯಿಂದ ಕಲಕಿದಾಗ ಗುಳ್ಳೆ ಎದ್ದರೆ ಇನ್ನೂ ಅರ್ಧ ದಿನ ಬಿಡು. ಬೇಗ ಆಗಲಿ ಅಂತ ಬಿಸಿ ಮಾಡಬ್ಯಾಡ. ಗುಳ್ಳೆ ನಿಂತ ಮೇಲೆ ಹಳೇ ನೈಲಾನ್ ಸಾಕ್ಸಿನಲ್ಲಿ ಸೋಸಿ ಲೋಹದ ಮುಚ್ಚಳ ಹಾಕು. ತುಂಬಿದ 400 ಎಂಎಲ್ ಡಬ್ಬಿಯಿಂದಲೂ ಅಷ್ಟೇ ಬಣ್ಣ ಸಿಗ್ತೈತಿ ಅಂತ ಲೆಕ್ಕ ಹಾಕಬ್ಯಾಡ, ಅದರಲ್ಲಿ ದೊಡ್ಡ ಪಾಲು ಗ್ಯಾಸು.

ಹಚ್ಚೋವಾಗ ಒಂದು ಎಚ್ಚರ. ಇದು ಬೇಗ ಒಣಗೋ ತೆಳು ಬಣ್ಣ, ಬ್ರಷ್ ಒಂದೇ ಕಡೆ ಎರಡು ಸಲ ಎಳೆದರೆ ಗೆರೆ ಬೀಳ್ತಾವೆ. ಬೈಕಿನ ಟ್ಯಾಂಕಿನ ಗೀರಿಗೆ ಬೆಂಕಿಕಡ್ಡಿ ತುದಿಯಿಂದ ಚುಕ್ಕೆ ಇಡೋದಕ್ಕೆ ಇದಕ್ಕಿಂತ ಒಳ್ಳೇದಿಲ್ಲ. ಮನೆ ಗೇಟಿಗೆ ಹಚ್ಚಿರೋ ಸಿಂಥೆಟಿಕ್ ಎನಾಮೆಲ್ ಮೇಲೆ ಹಚ್ಚಿದರೆ ಇದರೊಳಗಿನ ಥಿನ್ನರ್ ಕೆಳಗಿನ ಪದರವನ್ನ ಸುಕ್ಕುಗಟ್ಟಿಸಿ ಎಬ್ಬಿಸಬಹುದು, ಹಿಂಭಾಗದಲ್ಲಿ ಒಂದಿಂಚು ಹಚ್ಚಿ ಅರ್ಧ ಗಂಟೆ ನೋಡಿ ಮುಂದುವರೀರಿ. ದಪ್ಪ ಅನಿಸಿದರೆ ಹತ್ತು ಪಾಲಿಗೆ ಒಂದು ಪಾಲು ಅದೇ ಥಿನ್ನರ್. ಎರಡು ಕಂಪನಿ ಬಣ್ಣ ಬೆರೆಸಬ್ಯಾಡ್ರಿ. ಡಬ್ಬಿ ಮೇಲೆ 2ಕೆ (ಎರಡು ಭಾಗ ಬೆರೆತು ಗಟ್ಟಿಯಾಗೋ ಬಣ್ಣ) ಅಂತ ಇದ್ದು ತಳದ ಗುಂಡಿ ಒತ್ತಿ ಹಾರ್ಡ್‌ನರ್ ಬೆರೆಸಿಬಿಟ್ಟಿದ್ದರೆ ಅದು ಒಂದೆರಡು ದಿನದಲ್ಲಿ ಒಳಗೇ ಕಲ್ಲಾಗ್ತೈತಿ, ಅದರ ಮೇಲೆ ಶ್ರಮ ಹಾಕಬ್ಯಾಡ. ಸಾದಾ ಕಪ್ಪು, ಬಿಳಿಗೂ ನನ್ನ ಕೇಳಿದರೆ ಇಷ್ಟು ಕಷ್ಟ ಬ್ಯಾಡ, ಹೊಸ ಡಬ್ಬಿ ತರೋದೇ ಸಲೀಸು. ಮ್ಯಾಚಿಂಗ್ ಸಿಗದ ಬಣ್ಣಕ್ಕೆ ಮಾಡಿದರೆ ಕೆಲಸಕ್ಕೆ ಬೆಲೆ ಐತಿ.

ಗ್ಯಾಸು ನಿಜವಾಗಿ ಮುಗಿದು ಬಣ್ಣ ಉಳಿದಿರೋ ಡಬ್ಬಿಗೆ ಸಿಲಿಂಡರಿನಿಂದಲೋ ಲೈಟರ್ ಗ್ಯಾಸಿನಿಂದಲೋ ಮತ್ತೆ ತುಂಬಿಸೋ ವಿಡಿಯೋ ಓಡಾಡ್ತಿದಾವೆ, ಅವನ್ನ ನೋಡಿ ಯಾರೂ ಮಾಡಬ್ಯಾಡ್ರಿ. ಆ ತಗಡು ಒಂದೇ ಸಲಕ್ಕೆ ಮಾಡಿದ್ದು. ಅದನ್ನ ಕೊಯ್ಯೋದೂ ಬ್ಯಾಡ, ಸದ್ದು ನಿಂತ ಮೇಲೂ ಬಣ್ಣದಲ್ಲಿ ಗ್ಯಾಸ್ ಉಳಿದಿರ್ತೈತಿ, ಥಿನ್ನರ್ ಆವಿ ಒಳಗೆ ತುಂಬಿರ್ತೈತಿ.

ಮುಂದಿನ ಸಲ ಕಟ್ಟದಂಗೆ ಮಾಡೋಕೆ, ಕೆಲಸ ಮುಗಿದ ಕೂಡಲೇ ಡಬ್ಬಿ ತಲೆಕೆಳಗು ಮಾಡಿ ಎರಡು ಮೂರು ಸೆಕೆಂಡು ಒತ್ತು, ಬಣ್ಣ ನಿಂತು ಬರೀ ಗ್ಯಾಸ್ ಬಂದ ಕ್ಷಣ ಬಿಡು. ಅದಕ್ಕಿಂತ ಹೆಚ್ಚು ಒತ್ತಿದರೆ ಗ್ಯಾಸ್ ಹೋಗಿ ಬಣ್ಣ ಒಳಗೇ ಉಳೀತೈತಿ.

ಇನ್ನು ಬಾಯಿ ಬಿಡದ ಡಬ್ಬಿಗಳನ್ನ ಗುಜರಿಯವರಿಗೆ ಕೊಡಬ್ಯಾಡ್ರಿ, ಅಲ್ಲಿ ಪ್ರೆಸ್ಸಿಗೆ ಹಾಕೋವಾಗ ಸಿಡೀತಾವೆ. ಹುಡುಗರ ಕೈಗೆ ಸಿಕ್ಕರೆ ಕಾಮದಹನದ ಬೆಂಕಿಗೆ ಎಸೆದುಬಿಡ್ತಾರೆ, ಅದನ್ನೂ ನೋಡಿಕೊಳ್ರಿ. ಬಣ್ಣದ ಡಬ್ಬಿ ಮನೆಯ ಅಪಾಯಕಾರಿ ಕಸದ ಲೆಕ್ಕಕ್ಕೆ ಬರ್ತೈತಿ. ಒಂದು ಬೇರೆ ಚೀಲದಲ್ಲಿ ಹಾಕಿ, ಒಳಗೆ ಗ್ಯಾಸ್ ಐತಿ ಅಂತ ಬಾಯಿಬಿಟ್ಟು ಹೇಳಿ ಪಾಲಿಕೆ ಕಸದ ಗಾಡಿಯವರ ಕೈಗೆ ಕೊಡು. ನಾಳೆ ಪರೀಕ್ಷೆ ಮಾಡಿದ ಮೇಲೆ ಯಾವ ಡಬ್ಬಿ ನೆಟ್ಟಗೆ ಏನಂತು, ತಲೆಕೆಳಗೆ ಏನಂತು ಅಂತ ಇಲ್ಲೇ ಬರೆ ತಮ್ಮಾ, ಒಂದೊಂದಕ್ಕೂ ಹೇಳ್ತೀನಿ.