ಅಪ್‌ಡೇಟ್: ರಾತ್ರಿ ಫೋನ್ ಹಾಲ್‌ನಲ್ಲೇ ಬಿಟ್ಟು 6 ವಾರ ಆಯ್ತು

ಮಲಗುವಾಗ ಫೋನ್ ಬಿಡೋಕಾಗ್ತಿಲ್ಲ, ಏನು ಮಾಡ್ಲಿ ಅಂತ ಕೇಳಿದ್ದೆ. ಚಾರ್ಜರ್ ಹಾಲ್‌ನಲ್ಲಿಡಿ, ಕೀ ಕೊಡೋ ಅಲಾರಂ ಗಡಿಯಾರ ತಗೊಳ್ಳಿ ಅಂದಿದ್ರಿ. ಎರಡನ್ನೂ ಮಾಡಿದೆ. ಮೊದಲ ವಾರ ನಿಜಕ್ಕೂ ಕಷ್ಟವಾಯ್ತು, ಕೈ ತಾನಾಗಿ ದಿಂಬಿನ ಕೆಳಗೆ ಹೋಗ್ತಿತ್ತು. ಫೋನ್ ಸೆಳೆತ ಕಡಿಮೆಯಾಗಲಿ ಅಂತ ಸ್ಕ್ರೀನ್ ಕಪ್ಪು-ಬಿಳುಪು ಮಾಡಿದ್ದರಿಂದ ನನಗೇನೂ ಪ್ರಯೋಜನ ಆಗಲಿಲ್ಲ.

ಈಗ ಬೆಳಿಗ್ಗೆ 6ಕ್ಕೆ ಅಪ್ಪನ ಜೊತೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತೀನಿ, ಫೋನ್ ಮನೆಯಲ್ಲೇ. 10 ವರ್ಷದಿಂದ ಇದೇ ಊರಲ್ಲಿದ್ರೂ, ಹೆಜ್ಜಾರ್ಲೆ ತನ್ನ ಕೊಕ್ಕಿನ ಚೀಲದಲ್ಲಿ ನೀರಿನ ಸಮೇತ ಮೀನು ಮೊಗೆಯೋದನ್ನ ನಿಂತು ನೋಡಿದ್ದು ಈಗಲೇ. ಅಪ್ಪ ಒಂದೊಂದು ಹಕ್ಕಿಗೂ ತಮ್ಮ ಹಳ್ಳೀಲಿ ಕರೆಯೋ ಹೆಸರು ಹೇಳ್ತಾರೆ. ಅವರು ಇಷ್ಟು ಮಾತಾಡ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ!

ಆಫೀಸ್ ಗ್ರೂಪ್‌ನಿಂದ ಮಾತ್ರ ಇನ್ನೂ ಬಿಡಿಸಿಕೊಳ್ಳೋಕಾಗಿಲ್ಲ. ಗಡಿಯಾರದ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್.