ಪದಚರ್ಚೆ: ‘ಕೋಚ್’ಗೆ ಕನ್ನಡದಲ್ಲಿ ಏನನ್ನೋಣ? ಮತ್ತೆ, ‘ಸಾಲಗಾರ’ ಅಂದ್ರೆ ಯಾರು?

ಗೆಳೆಯರೇ, ನಮಸ್ಕಾರ.

ಒಂದು ಕರಪತ್ರ ಕುತ್ತಿಗೆಗೆ ಬಂದಿದೆ. ಅದರ ನೆಪದಲ್ಲಿ ನಾಲ್ಕೈದು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಸ್ವಲ್ಪ ಉದ್ದವಾಗುತ್ತೆ, ಬೇಜಾರು ಮಾಡ್ಕೋಬೇಡಿ.

ದಾವಣಗೆರೆಯಲ್ಲಿ ಸಣ್ಣ ವ್ಯಾಪಾರದವರಿಗೆ ಸಾಲ ಕೊಡುವ ಒಂದು ಸಂಸ್ಥೆಗೆ ನಾನು ಆಗಾಗ ಕನ್ನಡ ಬರೆದುಕೊಡುತ್ತೇನೆ. ತಳ್ಳುಗಾಡಿಯವರು, ಹೂ ಕಟ್ಟುವವರು, ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡವರು, ಮಿರ್ಚಿ ಮಂಡಕ್ಕಿ ಅಂಗಡಿಯವರು, ಇಂಥವರೇ ಎಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಜಾಮೀನು ಕೇಳುತ್ತಾರೆ, ಓಣಿಯ ಸಾಹುಕಾರರ ಹತ್ತಿರ ಹೋದರೆ ಬಡ್ಡಿ ಹಿಂಡುತ್ತಾರೆ. ನಡುವೆ ಸಿಕ್ಕಿಕೊಂಡವರಿಗೆ ಈ ಸಾಲ. ಕೊಟ್ಟು ಕೈ ತೊಳೆದುಕೊಳ್ಳುವುದಿಲ್ಲ ಅನ್ನುವುದು ಇದರ ವಿಶೇಷ. ಸಾಲ ಕೊಟ್ಟ ಮೇಲೆ ಒಬ್ಬರು ತಿಂಗಳಿಗೆ ಎರಡು ಸಲ ಅಂಗಡಿಗೇ ಬಂದು ಕೂರುತ್ತಾರೆ. ಲೆಕ್ಕ ಬರೆಯೋದು, ಸರಕು ಎಲ್ಲಿ ಅಗ್ಗ, ಯಾವುದಕ್ಕೆ ಎಷ್ಟು ರೇಟು ಇಡಬೇಕು, ಎಲ್ಲವನ್ನೂ ಜೊತೆಯಲ್ಲಿ ಕೂತು ನೋಡುತ್ತಾರೆ. ನನಗೆ ಕೊಟ್ಟ ಇಂಗ್ಲಿಷ್ ಬರಹದಲ್ಲಿ ಸಂಸ್ಥೆಗೆ ನಾನ್‌ಪ್ರಾಫಿಟ್ ಅಂತಿದೆ, ಹೀಗೆ ಬಂದು ಕೂರುವವರಿಗೆ ಕೋಚ್ ಅಂತಿದೆ.

ನಾನ್‌ಪ್ರಾಫಿಟ್ ಸುಲಭ ಅಂದುಕೊಂಡಿದ್ದೆ. ಎಲ್ಲರೂ ಬರೆಯುವ ಹಾಗೆ ‘ಲಾಭರಹಿತ ಸಂಸ್ಥೆ’ ಅಂತ ಹಾಕಿದೆ. ಕರಡು ತಗೊಂಡು ಹೋಗಿ ಒಬ್ಬ ಮಂಡಕ್ಕಿ ಅಂಗಡಿ ಅಕ್ಕನಿಗೆ ಓದಿ ಹೇಳಿದೆ. ಅವರು ಬಾಣಲೆಗೆ ಮಿರ್ಚಿ ಬಿಡುತ್ತಾ ಕೇಳಿದರು: “ಲಾಭ ಇಲ್ಲ ಅಂದ್ರೆ ಲುಕ್ಸಾನಾಗೆ ಅದಾರೇನ್ರಿ? ನಾಳೆ ಬಾಗ್ಲು ಹಾಕ್ಕೊಂಡು ಹೋದ್ರೆ ಯಾರನ್ನ ಕೇಳಾದು?”

ತಪ್ಪೇನಿದೆ? ವ್ಯಾಪಾರ ಮಾಡುವವರ ಕಿವಿಗೆ ‘ಲಾಭರಹಿತ’ ಅಂದರೆ ದಿವಾಳಿಯ ಪಕ್ಕದ ಮನೆ. ‘ಸೇವಾ ಸಂಸ್ಥೆ’ ಅಂದರೆ ಇನ್ನೊಂದು ಕಷ್ಟ. ಸೇವೆ ಅಂದ ಮೇಲೆ ಧರ್ಮದ ದುಡ್ಡು, ಧರ್ಮದ ದುಡ್ಡನ್ನು ಯಾರಾದರೂ ವಾಪಸ್ ಕಟ್ಟುತ್ತಾರಾ? ಸರ್ಕಾರದ ನೆರಳು ಬಿದ್ದರಂತೂ ‘ಮನ್ನಾ ಯಾವಾಗ’ ಅನ್ನುವುದೇ ಮೊದಲ ಪ್ರಶ್ನೆ. ಒಂದು ಪದ ಹೆದರಿಸುತ್ತೆ, ಇನ್ನೊಂದು ಕಟ್ಟೋದೇ ಬೇಡ ಅನ್ನಿಸುತ್ತೆ.

ಅರ್ಥ ನೋಡಿದರೂ ‘ಲಾಭರಹಿತ’ ಸರಿಯಿಲ್ಲ. ಇಂಥ ಸಂಸ್ಥೆಗೆ ಖರ್ಚು ಕಳೆದು ದುಡ್ಡು ಉಳಿಯಬಾರದು ಅಂತೇನಿಲ್ಲ. ಉಳಿದದ್ದನ್ನು ಯಾರೂ ಹಂಚಿಕೊಳ್ಳುವ ಹಾಗಿಲ್ಲ, ಅಷ್ಟೇ. ನಮ್ಮ 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಹೇಳುವುದೂ ಅದನ್ನೇ: ಲಾಭ ಬಂದರೆ ಉದ್ದೇಶಕ್ಕೆ ಹಾಕು, ಸದಸ್ಯರಿಗೆ ಡಿವಿಡೆಂಡ್ ಕೊಡಬೇಡ. ಹಾಗಾಗಿ ಈಗ ಒಂದು ಪದ ಬಿಟ್ಟು ಒಂದು ವಾಕ್ಯವನ್ನೇ ಬರೆದಿದ್ದೇನೆ: ‘ನೀವು ಕಟ್ಟಿದ ಬಡ್ಡಿಯನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಅದು ಇನ್ನೊಬ್ಬರ ಸಾಲಕ್ಕೆ ಹೋಗುತ್ತೆ.’ ಅಕ್ಕ ತಕ್ಷಣ “ಓ, ನಮ್ ಸಂಘದ್ ತರ” ಅಂದರು.

ಈ ‘ಸಂಘ’ ಅನ್ನುವ ಪದ ನೋಡಿ. ಮೈರಾಡ ಸಂಸ್ಥೆ 80ರ ದಶಕದಲ್ಲಿ ನಮ್ಮ ಹಳ್ಳಿಗಳಲ್ಲಿ ಇಂಥ ಗುಂಪುಗಳನ್ನು ಕಟ್ಟಿದಾಗ ಇಂಗ್ಲಿಷಿನಲ್ಲಿ ಅವಕ್ಕೆ ಇಟ್ಟ ಹೆಸರು ಕ್ರೆಡಿಟ್ ಮ್ಯಾನೇಜ್‌ಮೆಂಟ್ ಗ್ರೂಪ್. ಮುಂದೆ 1992ರಲ್ಲಿ ಕೃಷಿ, ಗ್ರಾಮೀಣ ಸಾಲದ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡುವ ಹೊತ್ತಿಗೆ ಅದು ಸೆಲ್ಫ್ ಹೆಲ್ಪ್ ಗ್ರೂಪ್ ಆಗಿತ್ತು. ಕನ್ನಡಕ್ಕೆ ‘ಸ್ವಸಹಾಯ ಸಂಘ’ ಅಂತ ಬಂತು. ಜನ ‘ಸ್ವಸಹಾಯ’ವನ್ನು ಬೋರ್ಡಿಗೆ ಬಿಟ್ಟು ‘ಸಂಘ’ವನ್ನು ಮನೆಗೆ ತಗೊಂಡು ಹೋದರು. ಈಗ ಸಂಘ ಅಂದರೆ ಗುಂಪೂ ಹೌದು, ವಾರದ ಸಭೆಯೂ ಹೌದು, ಕಟ್ಟಬೇಕಾದ ದುಡ್ಡೂ ಹೌದು. “ಇವತ್ತು ಸಂಘ ಐತಿ, ಇನ್ನೂರು ರೂಪಾಯಿ ಇದ್ರೆ ಕೊಡೇ” ಅನ್ನುವ ಮಾತು ಯಾವ ಓಣಿಯಲ್ಲಿ ಕೇಳಿಲ್ಲ ಹೇಳಿ. ಪಾಪ, ಮೈಕ್ರೋಫೈನಾನ್ಸ್ ಕಂಪನಿಗಳ ‘ಮೈಕ್ರೋ’ ಅನ್ನುವ ಪದಕ್ಕೆ ಈ ಅದೃಷ್ಟ ಬರಲಿಲ್ಲ. ಅದನ್ನು ಕೇಳಿದರೆ ಈಗ ವಸೂಲಿಯವರು ನೆನಪಾಗುತ್ತಾರೆ. 2025ರಲ್ಲಿ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ ಅದರ ಹೆಸರಲ್ಲಿ ‘ಕಿರು ಸಾಲ’ವೂ ಇತ್ತು, ‘ಸಣ್ಣ ಸಾಲ’ವೂ ಇತ್ತು. ಕಿರಿದಕ್ಕೂ ಸಣ್ಣದಕ್ಕೂ ಇರುವ ವ್ಯತ್ಯಾಸ ಕನ್ನಡ ಎಂ.ಎ. ಮಾಡಿದ ನನಗೇ ಹೊಳೆಯಲಿಲ್ಲ, ಇರಲಿ.

ಬಡ್ಡಿಯ ಸಾಲಿನಲ್ಲಿ ನಾನು ಮಾಡಿದ ಎಡವಟ್ಟು ಕೇಳಿ. ‘ವಾರ್ಷಿಕ ಶೇ. 12 ಬಡ್ಡಿ’ ಅಂತ ಬರೆದಿದ್ದೆ. ಅಕ್ಕ ಬೆಚ್ಚಿಬಿದ್ದರು. “ಹನ್ನೆರಡು ರೂಪಾಯಿ ಬಡ್ಡಿನಾ? ನಮ್ ಓಣಿ ಸಾಹುಕಾರ್ರೇ ಐದಕ್ಕೆ ಕೊಡ್ತಾರಲ್ರೀ!”

ನಮ್ಮ ಜನರ ಬಾಯಲ್ಲಿ ಬಡ್ಡಿ ಯಾವತ್ತೂ ರೂಪಾಯಿಯಲ್ಲೇ. ‘ಎರಡು ರೂಪಾಯಿ ಬಡ್ಡಿ’ ಅಂದರೆ ನೂರಕ್ಕೆ ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ ಶೇ. 24. ಐದು ರೂಪಾಯಿ ಬಡ್ಡಿ ಶೇ. 60. ಹತ್ತು ಸಾವಿರ ತಗೊಂಡು ಅಸಲು ಮುಟ್ಟದೆ ವರ್ಷ ಕಳೆದರೆ ಸಾಹುಕಾರರಿಗೆ ಬಡ್ಡಿಯೇ ಆರು ಸಾವಿರ. ನಮ್ಮ ಕರಪತ್ರದ ಸಾಲದಲ್ಲಿ ಅದೇ ಹತ್ತು ಸಾವಿರಕ್ಕೆ, ತಿಂಗಳ ಕಂತಿನಲ್ಲಿ ಅಸಲೂ ಸೇರಿಸಿ ಕಟ್ಟುತ್ತಾ ಹೋದರೆ, ವರ್ಷಕ್ಕೆ ಸುಮಾರು 660 ರೂಪಾಯಿ. ಆದರೆ ಕಾಗದದ ಮೇಲೆ ‘12’ ‘5’ಕ್ಕಿಂತ ದೊಡ್ಡದಾಗಿ ಕೂತಿತ್ತು! ಈಗ ‘ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ’ ಅಂತ ತಿದ್ದಿದ್ದೇನೆ. ‘ಶೇಕಡಾ’ವನ್ನು ಕೆಳಗೆ ಸಣ್ಣಕ್ಷರಕ್ಕೆ ಕಳಿಸಿದೆ. ಬ್ಯಾಂಕಿನವರು ಮಾಡುವುದಕ್ಕೆ ಇದು ಉಲ್ಟಾ.

ಅದರ ಪಕ್ಕದಲ್ಲೇ ‘ಕಟ್ಟಿದಷ್ಟೂ ಅಸಲು ಇಳಿಯುತ್ತೆ’ ಅಂತ ಬರೆದೆ. “ಯಾವ ಅಸಲು? ಮಂಡಕ್ಕಿದಾ, ಸಾಲದ್ದಾ?” ಅಂತ ಮತ್ತೆ ಪ್ರಶ್ನೆ. ಹೌದಲ್ವಾ? ಸಾಲ ಕೊಟ್ಟವರಿಗೆ ಅಸಲು ಅಂದರೆ ಕೊಟ್ಟ ಮೂಲ ಹಣ. ಅಂಗಡಿಯವರಿಗೆ ಅಸಲು ಅಂದರೆ ಸರಕಿಗೆ ಬಿದ್ದ ಖರ್ಚು. ‘ಅಸಲಿಗೇ ಕೊಟ್ಟೆ’, ‘ಅಸಲೂ ಹುಟ್ಟಲಿಲ್ಲ’ ಅನ್ನುವಾಗ ಸಾಲದ ಮಾತೇ ಇಲ್ಲ. ಒಂದೇ ಕರಪತ್ರದಲ್ಲಿ ಎರಡೂ ಬೇಕು. ಸದ್ಯಕ್ಕೆ ‘ಸಾಲದ ಅಸಲು’, ‘ಮಾಲಿನ ಅಸಲು’ ಅಂತ ಬೇರೆ ಮಾಡಿದ್ದೇನೆ. ನಿಮಗೆ ಇನ್ನೂ ಚೆಂದದ್ದು ಹೊಳೆದರೆ ತಿಳಿಸಿ.

ಇನ್ನು ‘ಸಾಲಗಾರ’. ಇದಂತೂ ಎರಡು ತಲೆಯ ಹಾವು. ಬ್ಯಾಂಕಿನ ನೋಟಿಸಿನಲ್ಲಿ ‘ಸಾಲಗಾರ’ ಅಂದರೆ ಸಾಲ ತಗೊಂಡವನು, ಪಕ್ಕದಲ್ಲಿ ಜಾಮೀನುದಾರನ ಹೆಸರು. ಅದೇ ಪೇಪರಿನ ಸುದ್ದಿಯಲ್ಲಿ ‘ಸಾಲಗಾರರ ಕಾಟ ತಾಳದೆ ಊರು ಬಿಟ್ಟ’ ಅಂತ ಬಂದರೆ ಆ ಸಾಲಗಾರರು ಸಾಲ ಕೊಟ್ಟವರು. ಓದುವವರು ಗಲಿಬಿಲಿ ಆಗುವುದಿಲ್ಲ, ಯಾಕೆಂದರೆ ಕಾಟ ಕೊಡುವವರು ಯಾರು ಅಂತ ಎಲ್ಲರಿಗೂ ಗೊತ್ತು! ‘ಸಾಲಿಗ’ದ ಕಥೆ ಏನು? ಸರ್ವಜ್ಞನ ಹಾಲೋಗರದ ತ್ರಿಪದಿಯಲ್ಲಿ ಬಂದು ಎಳೆಯುವ ಸಾಲಿಗ ಖಂಡಿತ ಕೊಟ್ಟವನು. ಈಗ ನಿಮ್ಮ ಊರಲ್ಲಿ ಯಾರಾದರೂ ‘ಸಾಲಿಗ’ ಅಂತಾರಾ? ಅಂದರೆ ಯಾರಿಗೆ ಅಂತಾರೆ?

‘ಸಾಲ’ ಅನ್ನುವ ಪದವೇ ಹೀಗೆ. ಕೊಟ್ಟದ್ದೂ ಸಾಲ, ತಗೊಂಡದ್ದೂ ಸಾಲ. ಇಂಗ್ಲಿಷಿನವರು ಲೋನ್, ಡೆಟ್ ಅಂತ ಎರಡು ಪಾತ್ರೆಗೆ ಸುರಿದದ್ದನ್ನು ನಾವು ಒಂದರಲ್ಲೇ ಇಟ್ಟಿದ್ದೇವೆ. ಹಾಗಂತ ನಮಗೆ ಪದಗಳ ಬಡತನ ಇಲ್ಲ. ವಾಪಸ್ ಕೊಡುವ ರೀತಿಯ ಮೇಲೆ ನಾವು ಬೇರೆ ಬೇರೆ ಹೆಸರಿಟ್ಟಿದ್ದೇವೆ. ಕೊಡೆ ತಗೊಂಡು ಅದೇ ಕೊಡೆ ಕೊಟ್ಟರೆ ಎರವಲು. ಒಂದು ಲೋಟ ಸಕ್ಕರೆ ತಗೊಂಡು ಬೇರೆ ಸಕ್ಕರೆ ಕೊಟ್ಟರೆ ಕಡ. ನಾಳೆ ಕೊಡ್ತೀನಿ ಅಂತ ನೂರು ರೂಪಾಯಿ ತಗೊಂಡರೆ ಕೈಗಡ. ಅಂಗಡಿಯಲ್ಲಿ ಸಾಮಾನು ತಗೊಂಡು ಬರೆಸಿದರೆ ಉದ್ರಿ. ಇಷ್ಟರಲ್ಲಿ ಯಾವುದಕ್ಕೂ ನಾಚಿಕೆ ಇಲ್ಲ. ‘ಸಾಲ’ ಅಂದಾಗ ಮಾತ್ರ ದನಿ ಸಣ್ಣದಾಗುತ್ತೆ.

ಅದಕ್ಕೇ ಕರಪತ್ರದಲ್ಲಿ ‘ಸಾಲಗಾರರೇ’ ಅಂತ ಕರೆಯಲು ನನಗೆ ಮನಸ್ಸಿಲ್ಲ. ‘ಫಲಾನುಭವಿ’ ಅಂದರೆ ಸರ್ಕಾರಿ ವಾಸನೆ, ಮೇಲಾಗಿ ಬಡ್ಡಿ ಕಟ್ಟುವವರು ಫಲಾನುಭವಿ ಹೇಗಾಗುತ್ತಾರೆ? ಸುಮ್ನೆ ‘ಸಾಲ ಪಡೆದವರು’ ಅಂತ ಬರೆದಿದ್ದೇನೆ. ಉದ್ದ, ಆದರೆ ದಾರಿ ತಪ್ಪಿಸಲ್ಲ.

ಈಗ ಮುಖ್ಯ ಪ್ರಶ್ನೆಗೆ ಬರ್ತೀನಿ. ಕೋಚ್.

‘ಕೋಚಿಂಗ್’ ಅಂತಲೇ ಬಿಟ್ಟರೆ ದಾವಣಗೆರೆಯಲ್ಲಿ ಅದು ನೀಟ್, ಕೆಎಎಸ್ ಪಾಠದ ಮನೆ. “ಪರೀಕ್ಷಿ ಇರ್ತೈತೇನ್ರಿ?” ಅಂತ ಒಬ್ಬರು ಕೇಳಿಯೇ ಬಿಟ್ಟರು. ‘ತರಬೇತುದಾರ’ ಅಂದರೆ ಸೀಟಿ ಹಾಕಿಕೊಂಡು ಮೈದಾನದಲ್ಲಿ ನಿಂತವನು. ‘ಮಾರ್ಗದರ್ಶಕರು’ ಪಿಎಚ್‌.ಡಿ.ಯವರ ಪಾಲು. ‘ಸಲಹೆಗಾರ’ ಮುಖ್ಯಮಂತ್ರಿಗಳಿಗೆ ಇರುತ್ತಾರೆ. ‘ವ್ಯಾಪಾರದ ಜೊತೆಗಾರ’ ಅಂತ ಬರೆದು ನೋಡಿದೆ. “ಪಾಲು ಕೇಳ್ತಾರಾ?” ಅಂದರು. ‘ಒತ್ತಾಸೆ’ ನನಗೆ ತುಂಬಾ ಇಷ್ಟದ ಪದ, ಆದರೆ ಅದು ಮನುಷ್ಯ ಅಲ್ಲ.

ಈ ಕೆಲಸ ನಮ್ಮಲ್ಲಿ ಹೊಸದೇನೂ ಅಲ್ಲ. ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ರುಡ್‌ಸೆಟ್ ಶುರು ಮಾಡಿದವು. ಊಟ ವಸತಿ ಕೊಟ್ಟು, ಫೀಸಿಲ್ಲದೆ ಸ್ವಂತ ಉದ್ಯೋಗಕ್ಕೆ ತರಬೇತಿ. ತರಬೇತಿ ಮುಗಿದ ಮೇಲೂ ಬಿಡುವುದಿಲ್ಲ, ಅಂಗಡಿ ಹಾಕಿದನಾ, ಸಾಲ ಸಿಕ್ಕಿತಾ ಅಂತ ವಿಚಾರಿಸುತ್ತಿರುತ್ತಾರೆ. ಈ ವಿಚಾರಿಸುವ ಕೆಲಸಕ್ಕೆ ಕಾಗದದಲ್ಲಿ ‘ಅನುಸರಣೆ’ ಅಂತಾರೆ. ನನ್ನ ಕಿವಿಗೆ ಅದು ‘ಗಂಡನ ಮನೇಲಿ ಅನುಸರಿಸಿಕೊಂಡು ಹೋಗಮ್ಮ’ ಅಂದ ಹಾಗೆ ಕೇಳಿಸುತ್ತೆ. ಹೆಣ್ಣುಮಕ್ಕಳ ಸಂಘಗಳ ಸರ್ಕಾರಿ ಯೋಜನೆಯಾದ ಸಂಜೀವಿನಿಯ ಒಕ್ಕೂಟಗಳಲ್ಲಿ ಸಂಘದ ಲೆಕ್ಕ ನೋಡುವವರಿಗೆ ‘ಮುಖ್ಯ ಪುಸ್ತಕ ಬರಹಗಾರರು’ ಅಂತ ಹೆಸರು. ಮೊದಲ ಸಲ ಓದಿದಾಗ ಯಾರೋ ಕಾದಂಬರಿಕಾರ್ತಿ ಅಂದುಕೊಂಡಿದ್ದೆ.

ಇಂಗ್ಲಿಷಿನಲ್ಲಿ ಇವರೆಲ್ಲ ಹೆಚ್ಚಾಗಿ ಬಳಸುವ ಪದ ಹ್ಯಾಂಡ್‌ಹೋಲ್ಡಿಂಗ್. ಅದನ್ನು ‘ಕೈಹಿಡಿದು ನಡೆಸುವುದು’ ಅಂತ ಮಾಡಬಹುದು, ಕನ್ನಡಕ್ಕೆ ಒಗ್ಗುತ್ತದೆ ಕೂಡ. ‘ಈ ವರ್ಷ ಈರುಳ್ಳಿ ಕೈ ಹಿಡೀತು’ ಅಂತೀವಲ್ಲ. ಆದರೆ ಆ ಕೆಲಸ ಮಾಡುವ ಹುಡುಗಿಗೆ ‘ಕೈ ಹಿಡಿಯುವವರು’ ಅಂತ ಕಾರ್ಡ್ ಮಾಡಿಸೋಣವಾ ಅಂತ ತಮಾಷೆಗೆ ಕೇಳಿದೆ. “ಬೇಡ ಸರ್, ನಮ್ಮಮ್ಮ ಗಂಡು ಹುಡುಕೋದು ನಿಲ್ಲಿಸಿಬಿಡ್ತಾರೆ” ಅಂದಳು.

ಒಂದು ಸಂಜೆ ಅವಳ ಜೊತೆ ಹೋಗಿದ್ದೆ. ಮಂಡಕ್ಕಿ ಅಕ್ಕನ ಗಲ್ಲಾದಲ್ಲಿ ಅವತ್ತು 1,840 ರೂಪಾಯಿ. “ಭರ್ಜರಿ ವ್ಯಾಪಾರ” ಅಂದರು ಅಕ್ಕ. ಇವಳು ಲಾಭ ಎಷ್ಟು ಅಂತ ಕೇಳಲಿಲ್ಲ. ನೋಟುಬುಕ್ ತೆಗೆದು “ಇದರಲ್ಲಿ ನಾಳೆ ಮಾಲಿಗೆ ಎಷ್ಟು ಎತ್ತಿಡ್ತೀರಿ ಅಕ್ಕ?” ಅಂದಳು. ಮಂಡಕ್ಕಿ, ಎಣ್ಣೆ, ಕಡ್ಲೆಹಿಟ್ಟು, ಮೆಣಸಿನಕಾಯಿ ಅಂತ ಅಕ್ಕನೇ ಬೆರಳು ಮಡಚಿದರು. “ಗ್ಯಾಸು?” ಅಂದಾಗ ಕೈ ನಿಂತಿತು. ಸಿಲಿಂಡರ್ ದುಡ್ಡು ಮನೆ ಖರ್ಚಿನಿಂದ ಹೋಗುತ್ತಿತ್ತು, ಅಂಗಡಿಯ ಲೆಕ್ಕಕ್ಕೆ ಬಂದೇ ಇರಲಿಲ್ಲ. ಆಟೋದವರ ಉದ್ರಿ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದದ್ದು, ಅರ್ಧ ಅಳಿಸಿತ್ತು. ಎಲ್ಲ ಕಳೆದು ಉಳಿದದ್ದು 310. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಿರ್ಚಿ ಗಿಟ್ಟುತ್ತೆ. ಮಂಡಕ್ಕಿ ಈ ರೇಟಿಗೆ ಗಿಟ್ಟಲ್ಲ ಹಂಗಾರೆ” ಅಂದರು.

ನಾನು ಕರಪತ್ರದಲ್ಲಿ ‘ಲಾಭಾಂಶದ ಪ್ರಮಾಣ’ ಅಂತ ಬರೆದಿದ್ದೆ. ಅಲ್ಲೇ ಪೆನ್ನು ತೆಗೆದು ಹೊಡೆದು ಹಾಕಿದೆ. ‘ಯಾವುದು ಗಿಟ್ಟುತ್ತೆ, ಯಾವುದು ಗಿಟ್ಟಲ್ಲ’ ಅಂದರೆ ಮುಗಿಯಿತು. ಈ ‘ಗಿಟ್ಟು’ಗೆ ಒಂದು ನಾಮಪದ ಬಳಕೆಯಲ್ಲಿದೆಯಾ? ‘ಹುಟ್ಟುವಳಿ’ ಇದೆ, ಆದರೆ ಅದು ಒಟ್ಟು ಬಂದದ್ದಕ್ಕೆ. ಉಳಿದದ್ದಕ್ಕೆ ಬೇಕು.

ಹೊರಡುವಾಗ ಅಕ್ಕನ ಮಗ, ಐದನೇ ಕ್ಲಾಸಿನವನು, ಒಳಗೆ ಕೂಗಿ ಹೇಳಿದ: “ಯವ್ವಾ, ಲೆಕ್ಕದ ಮೇಡಂ ಹೊಂಟ್ರು!” ಓಣಿಯಲ್ಲಿ ಎಲ್ಲರೂ ಅವಳಿಗೆ ಹಾಗೇ ಅನ್ನುವುದಂತೆ. ನನಗೆ ಅದೇ ಹಾಕಿಬಿಡೋಣ ಅನ್ನಿಸಿದೆ. ಸಂಸ್ಥೆಯವರು ಒಪ್ಪುತ್ತಿಲ್ಲ. ಲೆಕ್ಕ ಒಂದೇ ಅಲ್ಲವಲ್ಲ ಅವರ ಕೆಲಸ, ಗಂಡಸರಿದ್ದರೆ ಏನನ್ನೋದು ಅಂತ ತಕರಾರು. ಎರಡನೆಯದಕ್ಕೆ ‘ಲೆಕ್ಕದ ಮೇಷ್ಟ್ರು’ ಇದೆ ಅಂದೆ. ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಂಗಳೂರು, ಕಲಬುರಗಿ, ಚಾಮರಾಜನಗರ ಕಡೆಯವರು ದಯವಿಟ್ಟು ಬರೆಯಿರಿ. ಅಂಗಡಿ ಹಾಕಿದ ಹೊಸಬರ ಪಕ್ಕ ಕೂತು ವ್ಯಾಪಾರ ಕಲಿಸುವ ಹಿರಿಯರಿಗೆ ನಿಮ್ಮ ಕಡೆ ಏನಾದರೂ ಹೆಸರಿದೆಯಾ? ಸಂತೆಯಲ್ಲಿ, ಮಂಡಿಯಲ್ಲಿ, ನೇಕಾರರಲ್ಲಿ, ಎಲ್ಲಿ ಕೇಳಿದ್ದರೂ ಸರಿ. ಶುಕ್ರವಾರ ಸಂಜೆ ಪ್ರಿಂಟಿಗೆ ಕೊಡಬೇಕು.

ಮತ್ತೊಂದು ಮರೆತಿದ್ದೆ. ಹಳೇ ಮೈಸೂರಿನವರು ‘ಉದ್ರಿ’ ಅಂದರೆ ಅರ್ಥ ಮಾಡಿಕೊಳ್ಳುತ್ತಾರಾ, ಅಥವಾ ‘ಬರ್ಕೊಳ್ಳಿ’ ಅಂತಲೇ ಹಾಕಬೇಕಾ?